ಏಳು ಇಪ್ಪತ್ತರ ಬಸ್ಸು

ಮೇ ೨೮, ಬುಧವಾರ

ಮೂವತ್ಮೂರು ವರ್ಷ ದಿನಾ ಟ್ರಿಪ್ ಶೀಟ್ ಬರೆದ ಕೈ ಇದು. ಬಸ್ಸು ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು, ಎಷ್ಟು ತಡವಾಯಿತು. ಕಂಡಕ್ಟರ್ ಕೆಲಸದಿಂದ ನಿವೃತ್ತಿಯಾಗಿ ನಾಲ್ಕು ತಿಂಗಳಾಯಿತು, ಆದರೂ ಸಂಜೆಯಾದರೆ ಬೆರಳು ಪೆನ್ನು ಹುಡುಕುತ್ತದೆ. ಅದಕ್ಕೇ ಈ ನೋಟುಬುಕ್ಕು. ಇದನ್ನು ತಪಾಸಣೆ ಮಾಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ ಎಂಬುದೇ ಇದರ ಸುಖ.

ಇಂದು ಎರಡು ಸುದ್ದಿ. ಮನೆ ಮಾಲೀಕರ ಮಗ ಈ ಮನೆಗೇ ಬಂದು ಇರುತ್ತಾನಂತೆ. ಜೂನ್ ಮುಗಿಯುವುದರೊಳಗೆ ನಾವು ಖಾಲಿ ಮಾಡಬೇಕು. ವಿಜಯಪುರದಲ್ಲಿ ಹದಿನೆಂಟು ವರ್ಷ ಬಾಳಿದ ಮನೆ. ಈಗ ಇಲ್ಲಿ ಬೇರೆ ಮನೆ ಹುಡುಕಿದರೆ ಕೇಳುವ ಬಾಡಿಗೆ ಪಿಂಚಣಿಯವನ ಕೈಗೆ ಎಟುಕುವುದಿಲ್ಲ.

ಎರಡನೆಯದು, ನೀಲಾಳ ಪಿ.ಯು.ಸಿ. ಅಂಕಪಟ್ಟಿ ಬಂತು. ನೀಲಾಬಾಯಿ, ನನ್ನ ಹೆಂಡತಿ, ವಯಸ್ಸು ಐವತ್ತೆರಡು. ಮಗಳು ವಿಜಯಲಕ್ಷ್ಮೀ ಸೊಲ್ಲಾಪುರದಿಂದಲೇ ಅವ್ವನ ಫಾರ್ಮು ತುಂಬಿ, ಪುಸ್ತಕ ಕಳಿಸಿ, ಖಾಸಗಿಯಾಗಿ ಪರೀಕ್ಷೆಗೆ ಕೂರಿಸಿದ್ದಳು. ಪಾಸು. ಕನ್ನಡದಲ್ಲಿ ತೊಂಬತ್ತೊಂದು.

ಊಟಕ್ಕೆ ಕುಳಿತಾಗ ಅವಳೇ ತೆಗೆದಳು. "ಹೆಂಗೂ ಮನಿ ಬದಲ ಮಾಡೋದು ಐತಿ. ಕಾಲೇಜ್ ಇದ್ದ ಸಣ್ಣ ಊರು ನೋಡೂಣು. ಬಾಡಿಗಿನೂ ಕಮ್ಮಿ, ನನಗ ಬಿ.ಎ.ನೂ ಆಕ್ಕೈತಿ."

ನನಗೆ ನಗು ತಡೆಯಲಿಲ್ಲ. "ಬಾಜೂ ಕುಂತ ಹುಡಿಗ್ಯಾರು ಅಜ್ಜಿ ಅಂತಾರ ನಿನಗ."

"ಅನ್ಲಿ ಬಿಡ್ರಿ. ಅಜ್ಜಿ ಅಂದ್ರ ಏನ್ ಬೈಗಳಾ?"

ಆಯಿತು ಎಂದೆ. ಇದೆಲ್ಲ ಹಳೇ ಬಸ್ಸಿನ ವೈಪರ್ ಇದ್ದಂತೆ, ನಾಲ್ಕು ಸಲ ಆಡಿ ತಾನೇ ನಿಲ್ಲುತ್ತದೆ. ನನ್ನ ಮನಸ್ಸಿನಲ್ಲಿರುವುದು ನಮ್ಮೂರು ಕಳ್ಳಕವಟಗಿ. ತಮ್ಮ ಸಂಗುವಿನ ಮನೆಗೆ ಹತ್ತಿಕೊಂಡೇ ಎರಡು ಕೋಣೆ ಖಾಲಿ ಬಿದ್ದಿವೆ. ಬಾಡಿಗೆ ಇಲ್ಲ. ಕಾಲೇಜೂ ಇಲ್ಲ. ನೀಲಾಗೆ ಇನ್ನೂ ಹೇಳಿಲ್ಲ.

ಜೂನ್ ೪, ಬುಧವಾರ

ತಿಕೋಟಾಕ್ಕೆ ಮನೆ ನೋಡಲು ಹೋದೆವು. ದಾರಿಯುದ್ದಕ್ಕೂ ನೀಲಾಗೆ ಹೇಳಿಕೊಂಡೇ ಬಂದೆ: ತೊರವಿ, ತಿಕೋಟಾ, ಬಬಲೇಶ್ವರ, ಈ ಸುತ್ತಿನ ಒಂದೊಂದು ಊರೂ ನನಗೆ ಅಂಗೈಯಷ್ಟು ಪರಿಚಯ, ಯಾರನ್ನೂ ಕೇಳುವ ಅಗತ್ಯವಿಲ್ಲ.

ಬಸ್ ನಿಲ್ದಾಣದಿಂದ ಇನ್ನೂರು ಹೆಜ್ಜೆ ಹೋದ ಮೇಲೆ ದಾರಿ ತಪ್ಪಿತು. ಎಷ್ಟು ಸಾವಿರ ಸಲ ಬಂದು ಹೋದ ಊರು! ಆಗ ಹೊಳೆಯಿತು, ಬಂದಾಗಲೆಲ್ಲ ನಿಂತದ್ದು ಐದೇ ನಿಮಿಷ. ಚಹಾದಂಗಡಿ, ಮೂತ್ರಿಖಾನೆ, ನಿಲ್ದಾಣದ ನಿಯಂತ್ರಕರ ಕಿಟಕಿ. ಅದರ ಹಿಂದೆ ಊರಿದೆ ಎಂಬುದನ್ನು ಇಂದೇ ನೋಡಿದ್ದು. ನೀಲಾ ಒಬ್ಬ ಹುಡುಗಿಯನ್ನು ಕೇಳಿ ಮುಂದೆ ನಡೆದಳು. ನಾನು ಹಿಂದೆ.

ಮನೆ ಚೆನ್ನಾಗಿತ್ತು, ಆದರೆ ಕಾಳಿನ ಅಂಗಡಿಯ ಮೇಲಿನ ಮಹಡಿ. ಕಡಿದಾದ ಕಬ್ಬಿಣದ ಮೆಟ್ಟಿಲು, ನೀರು ಕೆಳಗಿನಿಂದ ಹೊರಬೇಕು. ನೀಲಾ ಮೊಣಕಾಲು ಹಿಡಿದು ಹತ್ತಿದಳು, ಇಳಿದಳು, ಬೇಡ ಎಂದಳು. ನಾನು ಬಹಳ ಬೇಸರವಾದಂತೆ ಮುಖ ಮಾಡಿದೆ.

ಜೂನ್ ೯, ಸೋಮವಾರ

ಬಬಲೇಶ್ವರ. ಸಂತೆಯ ಬಯಲು ದಾಟಿ ಎಡಕ್ಕೆ, ಬೀಬಿಜಾನ ಎಂಬಾಕೆಯ ಮನೆ. ಗಂಡ ತೀರಿಕೊಂಡಿದ್ದಾನೆ, ಮಕ್ಕಳು ಪುಣೆಯಲ್ಲಿದ್ದಾರೆ, ತಾನು ಕೌದಿ ಹೊಲಿಯುತ್ತಾಳೆ. ಹಿತ್ತಲ ಕಡೆ ಎರಡು ಕೋಣೆ, ಅಂಗಳದಲ್ಲಿ ನಳ, ಒಂದು ಬೇವಿನ ಗಿಡ. ಬಾಡಿಗೆ ನಾವು ಈಗ ಕೊಡುವುದರ ಅರ್ಧವೂ ಇಲ್ಲ. ಸರಕಾರಿ ಪದವಿ ಕಾಲೇಜು ನಡೆದರೆ ಹದಿನೈದು ನಿಮಿಷ.

"ಯಾರು ಓದೋರು? ಮಗಳೇನ್ರಿ?" ಎಂದು ಬೀಬಿಜಾನ ಕೇಳಿದಳು.

"ನಾನರಿ," ಎಂದಳು ನೀಲಾ.

ಬೀಬಿಜಾನ ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ನಿಂತಳು. ಚಹಾ ಮಾಡಿಯೇ ಕಳಿಸುತ್ತೇನೆಂದು ಹಟ ಹಿಡಿದಳು. ಅವರಿಬ್ಬರೂ ಮಾತಾಡುತ್ತ ಕುಳಿತ ರೀತಿ ನೋಡಿದರೆ ಒಂದೇ ಓಣಿಯಲ್ಲಿ ಹುಟ್ಟಿದವರೆನ್ನಬೇಕು.

ನನಗೆ ಹೆದರಿಕೆಯಾಯಿತು. ಈ ಮನೆಯಲ್ಲಿ ಬೇಡವೆನ್ನುವಂಥ ಐಬು ಒಂದೂ ಸಿಗಲಿಲ್ಲ. ಕೊನೆಗೆ ಅಡುಗೆಮನೆಯ ಕಿಟಕಿ ಪಡುವಣಕ್ಕಿದೆ, ಬಿಸಿಲು ಹೊಡೆಯುತ್ತದೆ ಎಂದೆ. "ಬಿಸಿಲು ಹೊಡ್ಯಾಕ ಇದೇನ್ ಹೊಸಾ ಊರಾ?" ಎಂದು ನೀಲಾ ನಕ್ಕಳು. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೇಳಿ ಅವಳನ್ನು ಎಬ್ಬಿಸಿಕೊಂಡು ಬಂದೆ.

ಜೂನ್ ೧೨

ವಿಚಾರ ಮಾಡುತ್ತಿದ್ದೇನೆ.

ಜೂನ್ ೧೫, ಭಾನುವಾರ

ಹೊಳೆಯಿತು! ಇಷ್ಟು ದಿನ ಏಕೆ ಹೊಳೆಯಲಿಲ್ಲವೋ.

ಏಳು ಇಪ್ಪತ್ತರ ಬಸ್ಸು. ಕಳ್ಳಕವಟಗಿ ಕ್ರಾಸಿನಿಂದ ತಿಕೋಟಾ ಮಾರ್ಗವಾಗಿ ಬಬಲೇಶ್ವರ. ಹನ್ನೊಂದು ವರ್ಷ ನಾನೇ ದುಡಿದ ರೂಟು. ಕೊನೆಯ ಆರು ವರ್ಷ ನನ್ನನ್ನು ಸಿಂದಗಿ ಕಡೆ ಹಾಕಿದರು, ಅದು ಬೇರೆ ಮಾತು. ಏಳು ಇಪ್ಪತ್ತಕ್ಕೆ ಹತ್ತಿದರೆ ಎಂಟು ನಲವತ್ತಕ್ಕೆ ಬಬಲೇಶ್ವರ, ಕಾಲೇಜು ಒಂಬತ್ತಕ್ಕೆ. ಸಂಜೆ ಅದೇ ಬಸ್ಸು ತಿರುಗಿ ಬರುತ್ತದೆ. ಹೆಂಗಸರಿಗೆ ಟಿಕೆಟ್ಟೂ ಇಲ್ಲ. ಹಾಗಾದರೆ ಬಬಲೇಶ್ವರದಲ್ಲಿ ಬಾಡಿಗೆ ಕೊಟ್ಟು ಇರುವುದೇಕೆ? ಸಂಗುವಿನ ಕೋಣೆಗಳಲ್ಲಿದ್ದು ಓದಲಿ. ಎರಡು ದಿನ ಬಸ್ಸಿನ ಧೂಳು ಕುಡಿದರೆ ಮೂರನೆಯ ದಿನ ತಾನೇ ಬಿಡುತ್ತಾಳೆ. ನಾನು ಬೇಡವೆಂದ ಹಾಗೂ ಆಗುವುದಿಲ್ಲ.

ನೀಲಾಗೆ ಹೇಳಿದೆ. ಅವಳು ಬಹಳ ಹೊತ್ತು ಅಕ್ಕಿ ಆರಿಸಿದಳು.

"ಆ ಬಸ್ಸು ಖರೇ ಐತೇನ್ರಿ?"

"ಬಸ್ಸಿನ ಸುದ್ದಿ ನನಗ ಕೇಳ್ತಿಯೇನಬೇ? ಸೂರ್ಯ ತಪ್ಪಬಹುದು, ಏಳು ಇಪ್ಪತ್ತು ತಪ್ಪೂದಿಲ್ಲ."

ಜೂನ್ ೨೪, ಮಂಗಳವಾರ

ಕಳ್ಳಕವಟಗಿಗೆ ಬಂದೆವು. ನಾಳೆ ಮಣ್ಣೆತ್ತಿನ ಅಮಾವಾಸ್ಯೆ, ಆಮೇಲೆ ಆಷಾಢ ಹತ್ತುತ್ತದೆ. ಆಷಾಢದಲ್ಲಿ ಮನೆ ಬದಲಾಯಿಸಬಾರದು, ಅದಕ್ಕೇ ಗಡಿಬಿಡಿ ಮಾಡಿ ಸಾಮಾನು ತಂದೆ. ಇನ್ನು ಒಂದು ತಿಂಗಳು ಇಲ್ಲಿಂದ ಅಲುಗಾಡುವ ಮಾತಿಲ್ಲ. ಮನಸ್ಸಿಗೆ ಹಗುರ.

ಸಂಗು ಖುಷಿಯಾದ. ಅವನ ಮಗಳು ಕಾವ್ಯಾ ಅದೇ ಬಬಲೇಶ್ವರ ಕಾಲೇಜಿನಲ್ಲಿ ಈಗ ಎರಡನೇ ವರ್ಷಕ್ಕೆ ಬಂದಿದ್ದಾಳೆ, ಸದ್ಯ ರಜೆ. ಸಾಮಾನು ಇಳಿಸುವಾಗ, "ದೊಡ್ಡಪ್ಪಾ, ನೀವು ಹೇಳೋ ಏಳು ಇಪ್ಪತ್ತರ ಬಸ್ಸು ಈಗ…" ಎಂದು ಶುರು ಮಾಡಿದಳು.

"ಬಸ್ಸಿನ ಪಾಠ ನನಗ ಮಾಡ್ತಿಯೇನವ್ವಾ?" ಎಂದೆ. ಹುಡುಗಿ ಒಳಗೆ ಹೋದಳು.

ಜೂನ್ ೨೮, ಶನಿವಾರ

ಅಮಾವಾಸ್ಯೆಯ ದಿನ ಬೇಡ ಎಂದೆ. ಮರುದಿನ ಆಷಾಢದ ಮೊದಲ ದಿನ, ಅದೂ ಬೇಡ ಎಂದೆ. ನಿನ್ನೆ ಸಂಗುವಿನ ಹೊಲಕ್ಕೆ ಹೋಗಬೇಕಿತ್ತು. ಪ್ರವೇಶಕ್ಕೆ ಸೋಮವಾರವೇ ಕೊನೆಯ ದಿನ ಎಂದು ನೀಲಾ ಮೂರು ಸಲ ಹೇಳಿದಳು. ಮೂರೂ ಸಲ ಒಂದೇ ದನಿಯಲ್ಲಿ ಹೇಳಿದಳು, ಏರಿಸಲಿಲ್ಲ. ಅದೇ ಸ್ವಲ್ಪ ಕಸಿವಿಸಿ.

ಜೂನ್ ೩೦, ಸೋಮವಾರ

ಇಂದಿನದನ್ನು ಇದ್ದದ್ದು ಇದ್ದಂತೆ ಬರೆಯಬೇಕು. ಟ್ರಿಪ್ ಶೀಟಿನಲ್ಲಿ ಸುಳ್ಳು ಬರೆದು ಗೊತ್ತಿಲ್ಲ ನನಗೆ.

ಆರೂ ಐವತ್ತಕ್ಕೆ ಕ್ರಾಸಿನಲ್ಲಿದ್ದೆವು. ಊರಿನಿಂದ ಒಂದು ಮೈಲಿ. ನೀಲಾ ಇಸ್ತ್ರಿ ಮಾಡಿದ ನೇರಳೆ ಸೀರೆ ಉಟ್ಟಿದ್ದಳು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಎದೆಗವಚಿಕೊಂಡಿದ್ದಳು. ಕಚೇರಿಯವರು ಅರ್ಜಿ ತೆಗೆದುಕೊಳ್ಳುವುದು ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ.

ಏಳು ಇಪ್ಪತ್ತಾಯಿತು. ಏಳೂವರೆಯಾಯಿತು. "ಟಾಯರ್ ಪಂಕ್ಚರ್ ಆಗಿರಬೇಕು," ಎಂದೆ. ಏಳೂ ಮುಕ್ಕಾಲಿಗೆ ಒಂದು ಜೀಪು ಬಂದು ನಿಂತಿತು. "ತಿಕೋಟಾ, ತಿಕೋಟಾ! ಬರ್ರಿ ಯಜಮಾನ್ರ!" ಎಂದು ಡ್ರೈವರು ಕೂಗಿದ. ಕೈ ಬೀಸಿ ಮುಂದಕ್ಕೆ ಕಳಿಸಿದೆ. ಮೂವತ್ಮೂರು ವರ್ಷ ನನ್ನ ಬಸ್ಸಿನ ಮೂತಿಯ ಮುಂದೆ ನಿಂತು ನನ್ನ ಪ್ರಯಾಣಿಕರನ್ನು ಎತ್ತಿಹಾಕಿಕೊಂಡು ಹೋದ ಜನ ಇವರು. ಜನ್ಮದಲ್ಲಿ ಜೀಪಿಗೆ ಕಾಲಿಟ್ಟವನಲ್ಲ ನಾನು, ಮಗಳ ಮದುವೆಯ ದಿನವೂ ಇಡಲಿಲ್ಲ. ನೀಲಾ ಜೀಪನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಎಂಟೂಕಾಲಿಗೆ ಕ್ರಾಸಿನಲ್ಲಿ ಚಹಾದಂಗಡಿ ಇಟ್ಟಿರುವ ದುಂಡವ್ವ ಎದ್ದು ಬಂದಳು. ಎಪ್ಪತ್ತು ದಾಟಿದ ಮುದುಕಿ.

"ಆಗಿಂದ ನೋಡಾಕತ್ತೇನಿ. ಯಾ ಬಸ್ಸಿಗೆ ನಿಂತಿಯೋ ಯಪ್ಪಾ?"

"ಏಳು ಇಪ್ಪತ್ತಕ್ಕ."

"ಯವ್ವಾ! ಅದು ಕೊರೊನಾದಾಗ ಹೋದದ್ದು, ಇನ್ನೂ ತಿರುಗಿ ಬಂದಿಲ್ಲಲ್ಲೋ. ಈಗ ಬಸ್ಸು ಅಂದ್ರ ಹನ್ನೊಂದಕ್ಕ ಒಂದು, ಅದೂ ಜೀವ ಬಂದ್ರ."

ನನ್ನ ಕಿವಿ ಕಾಯಿತು. ಸುಳ್ಳು ಎಂದೆ. ಒಂದು ರೂಟು ಹೀಗೆ ಯಾರಿಗೂ ಹೇಳದೆ ಸಾಯುವುದಿಲ್ಲ ಎಂದೆ. ಅಷ್ಟರಲ್ಲಿ ಇನ್ನೊಂದು ಜೀಪು ಬಂತು. ನೀಲಾ ಸೆರಗು ಸೊಂಟಕ್ಕೆ ಸಿಗಿಸಿ, ಹೆಂಗಸರಿದ್ದ ನಡುವಿನ ಸೀಟಿಗೆ ಹತ್ತಿ ಕುಳಿತಳು.

"ನೀವು ನಿಮ್ಮ ಬಸ್ಸಿಗೇ ಬರ್ರಿ," ಎಂದಳು. ಜೀಪು ಹೋಯಿತು.

ನಾನು ನಿಂತೆ. ಒಂದು ತಾಸು ನಿಂತೆ. ಬಸ್ಸು ಬರುತ್ತದೆಂದು ನಿಂತೆನೋ, ದುಂಡವ್ವನ ಎದುರು ಸೋಲಬಾರದೆಂದು ನಿಂತೆನೋ, ದೇವರಿಗೇ ಗೊತ್ತು. ಒಂಬತ್ತೂಕಾಲಿಗೆ ಬಂದ ಜೀಪಿನಲ್ಲಿ ಒಳಗೆ ಜಾಗವಿರಲಿಲ್ಲ. ಹಿಂದೆ ಏಣಿ ಹಿಡಿದು ನೇತಾಡಿದೆ. ನಮ್ಮವರು ಯಾರಾದರೂ ನೋಡಿದರೆ ಮಾನ ಹೋಗುತ್ತದೆಂದು ಮುಖಕ್ಕೆ ಟವೆಲ್ಲು ಸುತ್ತಿಕೊಂಡಿದ್ದೆ. ತಿಕೋಟಾದಲ್ಲಿ ಇಳಿದು, ಮತ್ತೊಂದು ಗಾಡಿ ಕಾದು, ಬಬಲೇಶ್ವರ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕಾಲೇಜಿಗೆ ಓಡಿದೆ. ಅರವತ್ತು ವರ್ಷದವನು ಓಡಿದೆ.

ಕಾಲೇಜಿನ ಕಟ್ಟೆಯ ಮೇಲೆ ನೀಲಾ ಮತ್ತು ಬೀಬಿಜಾನ ಕುಳಿತು ಶೇಂಗಾ ತಿನ್ನುತ್ತಿದ್ದರು. ಹೆಸರು ಹಚ್ಚಿ ಆಗಲೇ ಒಂದು ತಾಸಾಗಿತ್ತು.

ನೀಲಾ ಕರೆದಳೆಂದು ಜೊತೆಗೆ ಬಂದಿದ್ದ ಬೀಬಿಜಾನಳೇ ನಡೆದದ್ದನ್ನು ಹೇಳಿದಳು, ಕೈ ತಿರುವಿ ತಿರುವಿ. "ಕ್ಲರ್ಕ್ ಸಾಹೇಬ್ರು 'ಪಾಲಕರ ಸಹಿ ಬೇಕು, ಯಜಮಾನ್ರು ಎಲ್ಲಿ ಅದಾರ್ರಿ' ಅಂದ್ರು. ಅಕ್ಕಾರು ಏನಂದ್ರು ಗೊತ್ತೇನ್ರಿ ಅಣ್ಣಾರ? 'ಅವರು ಬಸ್ಸಿಗೆ ನಿಂತಾರ್ರಿ. ಆ ಬಸ್ಸು ನಿಂತು ಐದು ವರ್ಷ ಆತು' ಅಂದ್ರು! ಆಮೇಲೆ ಫಾರ್ಮ್ ತಮ್ಮ ಕಡೆ ಎಳಕೊಂಡು, 'ನನಗ ಐವತ್ತೆರಡು. ನನ್ನ ಪಾಲಕಿ ನಾನ' ಅಂತ ಸಹಿ ಹಾಕೇ ಬಿಟ್ರು."

ಕಟ್ಟೆಯ ಮೇಲಿದ್ದ ಹುಡುಗಿಯರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ಹೊರಗೆ ಬಿಡಲಿಲ್ಲ.

ಬೀಬಿಜಾನ ಎದ್ದು ಹೋದ ಮೇಲೆ ಕೇಳಿದೆ. "ಬಸ್ಸು ಇಲ್ಲಂತ ಕಾವ್ಯಾ ನಿನಗ ಹೇಳಿದ್ಲೇನು?"

"ಹೂಂ. ಬಂದ ದಿನಾನ ಹೇಳಿದ್ಲು."

"ಮತ್ತ ಬೆಳಿಗ್ಗೆ ಯಾಕ ನಿಂತಿ ನನ್ನ ಸಂಗಟ?"

"ಬಾಯಿಲೆ ಹೇಳಿದ್ರ ನೀವು ನಂಬೋರಲ್ಲ. ನಿಂತು ನೋಡ್ಲಿ ಅಂತ ನಾನೂ ನಿಂತೆ." ಶೇಂಗಾ ಸಿಪ್ಪೆಯನ್ನು ಸೆರಗಿನಿಂದ ಝಾಡಿಸಿದಳು. "ಲಗ್ನ ಆದಾಗ ಪಿ.ಯು.ಸಿ. ಪರೀಕ್ಷೆಗೆ ಎರಡು ತಿಂಗಳು ಇತ್ತು. ಮುಂದಿನ ವರ್ಷ ಕಟ್ಟಿಸ್ತೀನಿ ಅಂದಿದ್ರಿ. ಮೂವತ್ನಾಕು ವರ್ಷ ನೀವು ಹೇಳಿದ ಬಸ್ಸಿಗೇ ಕಾದೇನ್ರಿ. ಇವತ್ತು ಒಂದು ತಾಸು ಹೆಚ್ಚಿಗಿ ಕಾದ್ರ ನನಗೇನೂ ಆಗ್ತಿದ್ದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳು ಸಿಟ್ಟಿನಿಂದ ಹೇಳಲಿಲ್ಲ. ಮುಂದಿನ ವರ್ಷ ಕಟ್ಟಿಸುತ್ತೇನೆ ಎಂದಿದ್ದು ನನಗೆ ನೆನಪಿದೆ. ನೆನಪಿಲ್ಲವೆಂದು ಇಷ್ಟು ವರ್ಷ ನಟಿಸಿದ್ದೂ ನೆನಪಿದೆ.

ಬೀಬಿಜಾನಳ ಮನೆಗೆ ಹೋಗಿ ಕೋಣೆ ಇನ್ನೂ ಖಾಲಿಯಿದೆಯೇ ಎಂದು ನಾನೇ ಕೇಳಿದೆ. ಆಷಾಢ ಮುಗಿದ ಮೇಲೆ ಬರುತ್ತೇವೆ ಎಂದೆ.

"ಬರೂದಾದ್ರ ಈಗ ಬರ್ರಿ ಅಣ್ಣಾರ," ಎಂದಳು. "ನಮ್ಮ ಮನ್ಯಾಗ ಆಷಾಢ ಇಲ್ರಿ."

ಜುಲೈ ೩, ಗುರುವಾರ

ಬಬಲೇಶ್ವರಕ್ಕೆ ಬಂದೆವು, ನಡು ಆಷಾಢದಲ್ಲಿ. ಸಂಗು ತಲೆ ಕೆರೆದುಕೊಂಡ. ನೀಲಾ ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು, ಬೀಬಿಜಾನ ಸಕ್ಕರೆ ತಂದಳು. ಅಡುಗೆಮನೆಗೆ ಬಿಸಿಲು ಹೊಡೆಯುತ್ತದೆ. ನಾನು ಮೊದಲೇ ಹೇಳಿದ್ದೆ.

ಜುಲೈ ೧೪, ಸೋಮವಾರ

ಕಾಲೇಜು ಶುರು. ನೀಲಾ ಎಂಟೂವರೆಗೆ ಹೊರಟಳು. ನಾನೂ ಜೊತೆಗೆ ಹೋದೆ. ತರಕಾರಿ ತರಬೇಕಿತ್ತು, ಅಂಗಡಿ ಅದೇ ದಾರಿಯಲ್ಲಿದೆ, ಅದಕ್ಕೆ.

ಗೇಟಿನ ಹತ್ತಿರ ಅವಳು ಒಂದು ಗಳಿಗೆ ನಿಂತಳು. ಚೀಲದ ಪಟ್ಟಿ ಸರಿಮಾಡಿಕೊಂಡಳು, ಒಳಗೆ ಹೋದಳು. ಹುಡುಗಿಯರ ಗುಂಪಿನಲ್ಲಿ ನೇರಳೆ ಸೀರೆ ಬಹಳ ದೂರದವರೆಗೆ ಕಾಣಿಸಿತು. ತರಕಾರಿ ತರುವುದು ಮರೆತು ಮನೆಗೆ ಬಂದೆ.

ಮಧ್ಯಾಹ್ನಕ್ಕೆ ಝುಣಕ ಮಾಡಿದೆ. ಕಡಲೆಹಿಟ್ಟು ಗಂಟುಗಂಟಾಯಿತು. ನೀಲಾ ಗಂಟು ಒಡೆದುಕೊಂಡು ಪೂರಾ ಉಂಡಳು. ಊಟದುದ್ದಕ್ಕೂ ಮಾತು. ಯಾರೋ ಮೇಷ್ಟ್ರು ಇವಳನ್ನು ಕಂಡು ಹೊಸ ಮೇಡಂ ಎಂದು ತಿಳಿದು ನಮಸ್ಕಾರ ಮಾಡಿದರಂತೆ! ಮೂವತ್ನಾಲ್ಕು ವರ್ಷದಲ್ಲಿ ಅವಳು ಒಂದೇ ಊಟಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಅಥವಾ ನಾನು ಊಟದ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ.

ಜುಲೈ ೨೯, ಮಂಗಳವಾರ

ಝುಣಕ ಈಗ ಗಂಟಾಗುವುದಿಲ್ಲ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳಬೇಕು, ಬೀಬಿಜಾನ ತೋರಿಸಿಕೊಟ್ಟಳು.

ಸಂಜೆ ನೀಲಾಳಿಗೆ ಇತಿಹಾಸದ ಪಾಠ ಓದಿ ಹೇಳುತ್ತೇನೆ. ಅವಳ ಕನ್ನಡಕದ ನಂಬರು ಬದಲಾಗಬೇಕು, ಅಲ್ಲಿಯವರೆಗೆ ಮಾತ್ರ. ಆದಿಲಶಾಹಿಗಳ ವಿಚಾರ ಬಂತು. ನಮ್ಮ ವಿಜಯಪುರಕ್ಕೆ ಆ ಕಾಲದಲ್ಲಿ ತೊರವಿಯಿಂದ ನೆಲದೊಳಗೆ ನೀರು ತರುತ್ತಿದ್ದರಂತೆ. ಆ ರಸ್ತೆಯ ಮೇಲೆ ನನ್ನಷ್ಟು ಓಡಾಡಿದವರಿಲ್ಲ, ನನಗೇ ಗೊತ್ತಿರಲಿಲ್ಲ. ನೀಲಾ ಮಲಗಿದ ಮೇಲೆ ಮುಂದಿನ ಪಾಠವನ್ನೂ ನೋಡಿದೆ. ನಾಳೆ ಓದುವಾಗ ತಡವರಿಸಬಾರದಲ್ಲ.

ಆಗಸ್ಟ್ ೪, ಸೋಮವಾರ

ಕಾವ್ಯಾ ಫೋನು ಮಾಡಿದ್ದಳು. ಕಾಲೇಜು ಶುರುವಾಗಿ ಮೂರು ವಾರ, ಅವಳು ಬಂದದ್ದು ನಾಲ್ಕೇ ದಿನ. ಸಂಗುವಿಗೆ ಮೋಟರ್ ಸೈಕಲ್ಲಿನಲ್ಲಿ ಬಿಡಲು ಪುರಸೊತ್ತಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೀಪಿನಲ್ಲಿ ನೇತಾಡಿಕೊಂಡು ಹೋಗಲು ಮಗಳನ್ನು ಕಳಿಸುವುದಿಲ್ಲ ಎನ್ನುತ್ತಾನೆ. ನೇತಾಡಿ ಬಂದವನು ನಾನು, ಅವನ ಮಾತು ತಪ್ಪೆಂದು ಹೇಗೆ ಹೇಳಲಿ?

"ನಾ ಒಬ್ಬಾಕಿ ಅಲ್ಲ ದೊಡ್ಡಪ್ಪಾ," ಎಂದಳು. "ಈ ದಾರ್ಯಾಗ ಹದಿನಾಲ್ಕು ಮಂದಿ ಹುಡಿಗ್ಯಾರು ಹಿಂಗ ಅದೀವಿ. ಅವತ್ತ ನೀವು ಕ್ರಾಸಿನ್ಯಾಗ ನಿಂತಿದ್ರಲ್ಲಾ, ನಾವು ದಿನಾ ಹಂಗ ನಿಲ್ತೀವಿ."

ಸೂರ್ಯ ತಪ್ಪಬಹುದು, ಏಳು ಇಪ್ಪತ್ತು ತಪ್ಪುವುದಿಲ್ಲ ಎಂದವನು ನಾನೇ.

ಆಗಸ್ಟ್ ೧೮, ಸೋಮವಾರ

ಸಂಗುವಿನ ಮನೆಯಲ್ಲಿ ಉಳಿದು ಆರು ದಿನ ದುಂಡವ್ವನ ಅಂಗಡಿಯಲ್ಲಿ ಕುಳಿತೆ. ನಿಂತ ಬಸ್ಸನ್ನು ಮತ್ತೆ ಬಿಡಿಸಬೇಕಾದರೆ ಡಿಪೋದವರ ಎದುರು ಅತ್ತರೆ ಪ್ರಯೋಜನವಿಲ್ಲ. ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ, ಅಂದರೆ ಯಾವ ನಿಲುಗಡೆಯಿಂದ ಯಾವುದಕ್ಕೆ, ಎಷ್ಟು ತಲೆ, ಅದನ್ನು ತೋರಿಸಬೇಕು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಹೋದ ಪ್ರತಿ ಜೀಪು, ಟಂಟಂ ಆಟೋ, ಹಾಲಿನ ಗಾಡಿ ಬರೆದುಕೊಂಡೆ. ಜೀಪಿನವರು ಮೊದಲು ಗುರ್ರೆಂದರು, ಆಮೇಲೆ ಎಷ್ಟು ಜನವೆಂದು ತಾವೇ ಕೂಗಿ ಹೇಳಿ ಹೋಗತೊಡಗಿದರು. ಒಬ್ಬನ ಮಗಳೂ ಆ ಹದಿನಾಲ್ಕರಲ್ಲಿ ಒಬ್ಬಳಂತೆ. ಜೀಪಿನವರಿಗೂ ಹೆಣ್ಣುಮಕ್ಕಳಿರುತ್ತಾರೆಂದು ನಾನು ಯೋಚಿಸಿಯೇ ಇರಲಿಲ್ಲ.

ಅರ್ಜಿ ಬರೆದೆ. "ಸದರಿ ಮಾರ್ಗದಲ್ಲಿ ಬಸ್ಸು ಬಿಡತಕ್ಕದ್ದು" ಎಂದು ಮುಗಿಸಿದೆ. ನೀಲಾ ಓದಿ, "ಇದು ಅರ್ಜಿನೋ ಆರ್ಡರೋ?" ಎಂದು ನನ್ನ ಕೈಯಿಂದ ತೆಗೆದುಕೊಂಡು ಬೇರೆ ಬರೆದಳು. ಅಂಕಿಸಂಖ್ಯೆ ನನ್ನವು, ಮಾತು ಅವಳದು. ಅದರಲ್ಲಿ ಒಂದು ಸಾಲು: "ಈ ದಾರಿಯ ಹದಿನಾಲ್ಕು ಹೆಣ್ಣುಮಕ್ಕಳ ಹೆಸರುಗಳು ಕಾಲೇಜಿನ ಹಾಜರಿ ಪುಸ್ತಕದಲ್ಲಿವೆ, ಅವರು ಮಾತ್ರ ಮನೆಯಲ್ಲಿದ್ದಾರೆ."

ಎರಡು ಸಲ ಓದಿದೆ. ಇಂಥ ಕೈಯಿಂದ ನಾನು ಮೂವತ್ನಾಲ್ಕು ವರ್ಷ ರೊಟ್ಟಿ ತಟ್ಟಿಸಿದೆ. ರೊಟ್ಟಿಯೂ ಚೆನ್ನಾಗಿಯೇ ಇರುತ್ತಿತ್ತು, ಆದರೂ.

ಸೆಪ್ಟೆಂಬರ್ ೩

ಡಿಪೋಕ್ಕೆ ಮೂರನೆಯ ಸಲ. ಅಧಿಕಾರಿಗಳು ನನ್ನ ಪಟ್ಟಿಯನ್ನು ಗಮನವಿಟ್ಟು ನೋಡಿದರು. ಅರ್ಜಿ ಬರೆದವರು ಯಾರು ಎಂದು ಕೇಳಿದರು. ನನ್ನ ಹೆಂಡತಿ, ಬಿ.ಎ. ವಿದ್ಯಾರ್ಥಿನಿ ಎಂದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇನ್ನೊಂದು ಸಲ ಹೇಳಿದೆ.

ಸೆಪ್ಟೆಂಬರ್ ೨೦, ಶನಿವಾರ

ಪತ್ರ ಬಂತು! ಅಕ್ಟೋಬರ್ ಆರರಿಂದ ಪ್ರಾಯೋಗಿಕವಾಗಿ, ಬೆಳಿಗ್ಗೆ ಏಳು ಇಪ್ಪತ್ತು, ಕಳ್ಳಕವಟಗಿ ಕ್ರಾಸ್, ತಿಕೋಟಾ ಮಾರ್ಗವಾಗಿ ಬಬಲೇಶ್ವರ. ಸಂಜೆ ವಾಪಸ್ಸು. ಬೀಬಿಜಾನ ಓಣಿಗೆಲ್ಲ ಬೆಲ್ಲ ಹಂಚಿದಳು. ಅವಳಿಗೆ ಆ ಬಸ್ಸಿನಿಂದ ಏನೂ ಆಗಬೇಕಾದ್ದಿಲ್ಲ. ನೀಲಾಗೆ ಕನ್ನಡ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಬಂದದ್ದೂ ಇಂದೇ. ಒಂದು ಅಂಕ ಏಕೆ ಕಡಿದರೆಂದು ಕೇಳಿಕೊಂಡು ಬರಲು ನಾನು ಕಾಲೇಜಿಗೆ ಹೊರಟಿದ್ದೆ, ಅವಳೇ ಅಂಗಿ ಹಿಡಿದು ಕೂರಿಸಿದಳು.

ಅಕ್ಟೋಬರ್ ೬, ಸೋಮವಾರ

ನಿನ್ನೆ ಸಂಜೆಯೇ ಸಂಗುವಿನ ಮನೆಗೆ ಹೋಗಿದ್ದೆವು. ಮೊದಲ ಬಸ್ಸನ್ನು ಕ್ರಾಸಿನಿಂದಲೇ ಹತ್ತಬೇಕೆಂದು ನೀಲಾಳ ಹಟ.

ಇಂದು ಏಳಕ್ಕೇ ಕ್ರಾಸಿನ ತುಂಬ ಜನ. ಕಾವ್ಯಾ, ಅವಳ ಹಿಂದೆ ಇನ್ನೂ ನಾಲ್ವರು ಹುಡುಗಿಯರು, ತಿಕೋಟಾದ ದವಾಖಾನೆಗೆ ಹೋಗುವ ಮುದುಕರು, ಬಬಲೇಶ್ವರದ ಸಂತೆಗೆ ಹೋಗುವವರು. ದುಂಡವ್ವ ಯಾರಿಂದಲೂ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಏಳು ಇಪ್ಪತ್ತಾಯಿತು. ಬಸ್ಸಿಲ್ಲ. ಎಲ್ಲರೂ ರಸ್ತೆ ಬಿಟ್ಟು ನನ್ನ ಮುಖ ನೋಡತೊಡಗಿದರು. ನೀಲಾ ಮಾತ್ರ ರಸ್ತೆಯನ್ನೇ ನೋಡುತ್ತಿದ್ದಳು.

ಏಳು ಇಪ್ಪತ್ತಾರಕ್ಕೆ ತಿರುವಿನಲ್ಲಿ ಕೆಂಪು ಬಣ್ಣ ಕಂಡಿತು. ಹುಡುಗಿಯರು ಹೋ ಎಂದು ಕೂಗಿದರು. ನನಗೆ ಕಣ್ಣು ತುಂಬಿ ಬಂತು. ಬಂದರೆ ಬಂತು, ನಾಚಿಕೆಯೇನು.

ಕಂಡಕ್ಟರ್ ಒಬ್ಬ ಹುಡುಗಿ, ಹೆಸರು ಆಮ್ರಪಾಲಿ. ಮೆಷಿನ್ ಹಿಡಿದು ಮೊದಲ ಸೀಟಿನಿಂದ ಶುರು ಮಾಡಿದಳು. ಮೊದಲ ಸೀಟಿನಲ್ಲಿ ನೀಲಾ.

"ಎಲ್ಲಿಗ್ರಿ ಅಕ್ಕಾರ?"

"ಕಾಲೇಜಿಗೆ," ಎಂದಳು ನೀಲಾ. ಊರ ಹೆಸರು ಹೇಳಲಿಲ್ಲ. ಅವಳ ಹಿಂದಿನ ಸೀಟಿನವರೂ ಒಬ್ಬರಾದ ಮೇಲೆ ಒಬ್ಬರು "ಕಾಲೇಜಿಗೆ, ಕಾಲೇಜಿಗೆ" ಎಂದರು. ಎಲ್ಲರಿಗೂ ಶೂನ್ಯ ಟಿಕೆಟ್ಟು ಹರಿದು ಕೊಟ್ಟಳು. ಆ ಸೀಟುಗಳಲ್ಲಿ ದುಡ್ಡು ಕೊಟ್ಟು ಟಿಕೆಟ್ಟು ತೆಗೆದುಕೊಂಡ ಗಂಡಸು ನಾನೊಬ್ಬನೇ.

ಆಮ್ರಪಾಲಿ ಬಾಗಿಲ ಹತ್ತಿರ ನನ್ನನ್ನು ಕರೆದಳು. "ಡಿಪೋದಾಗ ನಿಮ್ಮ ಸುದ್ದಿ ಹೇಳ್ಯಾರ್ರಿ ಸರ. ಇವತ್ತಿನ ಸೀಟಿ ನೀವ ಹೊಡೀರಿ."

ನನ್ನ ಹಳೆಯ ಸೀಟಿ ಕಿಸೆಯಲ್ಲೇ ಇತ್ತು. ಅದು ಅಲ್ಲಿಗೆ ಹೇಗೆ ಬಂತೋ, ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಇಟ್ಟುಕೊಂಡಿರಬೇಕು. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಎದೆ ತುಂಬ ಗಾಳಿ ಎಳೆದುಕೊಂಡು ಎರಡು ಊದಿದೆ. ಬಸ್ಸು ಹೊರಟಿತು. ಹಿಂದೆ ದುಂಡವ್ವ ಚಹಾದ ಕೆಟಲಿ ಎತ್ತಿ ಎತ್ತಿ ತೋರಿಸುತ್ತಿದ್ದಳು. ಮುಂದೆ ಒಂದು ಜೀಪು ಪಕ್ಕಕ್ಕೆ ಸರಿದು ದಾರಿ ಬಿಟ್ಟು ಉದ್ದಕ್ಕೆ ಹಾರ್ನ್ ಬಾರಿಸಿತು.

ಈಗ ಸಂಜೆ. ಬಹಳ ದಿನದ ಮೇಲೆ ಸರಿಯಾಗಿ ಟ್ರಿಪ್ ಶೀಟ್ ಬರೆಯುತ್ತಿದ್ದೇನೆ.

ಕಳ್ಳಕವಟಗಿ ಕ್ರಾಸ್ ಬಿಟ್ಟದ್ದು: ೭.೨೬.
ಬಬಲೇಶ್ವರ ಮುಟ್ಟಿದ್ದು: ೮.೪೬.
ಒಟ್ಟು ಪ್ರಯಾಣಿಕರು, ದಾರಿಯಲ್ಲಿ ಹತ್ತಿದವರು ಸೇರಿ: ಐವತ್ಮೂರು.
ಅದರಲ್ಲಿ ಕಾಲೇಜಿಗೆ: ಹದಿನೈದು. ಹದಿನಾಲ್ಕು ಹುಡುಗಿಯರು, ಒಬ್ಬಳು ನನ್ನ ಹೆಂಡತಿ.
ತಡ: ಆರು ನಿಮಿಷ.

ಇಷ್ಟು ಬರೆಯುವಷ್ಟರಲ್ಲಿ ನೀಲಾ ಹಿಂದೆ ಬಂದು ನಿಂತಿದ್ದಳು. ಹೊಸ ಕನ್ನಡಕದಲ್ಲಿ ಬಗ್ಗಿ ನೋಡಿದಳು. ನೋಟುಬುಕ್ಕು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆರು ನಿಮಿಷ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದಳು: ಮೂವತ್ನಾಲ್ಕು ವರ್ಷ.

"ಸರಿ ಐತೇನ್ರಿ, ಕಂಡಕ್ಟರ್ ಸಾಹೇಬ್ರ?"

ಸರಿ ಇತ್ತು. ಕೆಳಗೆ ಸಹಿ ಹಾಕಿದೆ.